ಬಿದನೂರು ನಗರವನ್ನು ನೋಡಲು ಒಂದು ಋತು ಸಾಲದು

ಮಾನ್ಯ ಸಂಪಾದಕರೆ,

ಮಳೆ ಹಿಡಿಯುತ್ತಿದ್ದಂತೆ ಮಲೆನಾಡಿನ ಪ್ರವಾಸಿ ತಾಣಗಳ ಪಟ್ಟಿಗಳು ಪತ್ರಿಕೆಗಳಲ್ಲಿಯೂ ಮೊಬೈಲುಗಳಲ್ಲಿಯೂ ಕಾಣಿಸಿಕೊಳ್ಳತೊಡಗುತ್ತವೆ. ಜೋಗ, ಆಗುಂಬೆ, ಕೊಡಚಾದ್ರಿ, ಕವಲೇದುರ್ಗಗಳಿಗೆ ಅವುಗಳಲ್ಲಿ ದೊಡ್ಡ ಜಾಗವಿರುತ್ತದೆ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಿಂದಿನ ಬಿದನೂರು, ಕೊಡಚಾದ್ರಿಗೋ ಕೊಲ್ಲೂರಿಗೋ ಹೋಗುವವರು ದಾರಿಯಲ್ಲಿ ಇಳಿದು ಅರ್ಧ ಗಂಟೆ ನೋಡಬಹುದಾದ ಕೋಟೆಯೆಂದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಶಿವಮೊಗ್ಗದಲ್ಲಿ ಬಹುಕಾಲ ಇತಿಹಾಸ ಬೋಧಿಸಿದ, ವರ್ಷದ ಎಲ್ಲ ಕಾಲಗಳಲ್ಲಿಯೂ ಈ ಊರಿಗೆ ಹೋಗಿಬರುವ ಅಭ್ಯಾಸವಿರುವ ನನಗೆ ಇದು ತುಂಬ ನೋವಿನ ಸಂಗತಿ. ನಗರ ಒಂದು ಭೇಟಿಯಲ್ಲಿ ಅರ್ಥವಾಗುವ ಊರಲ್ಲ. ಅದರ ಚರಿತ್ರೆ ನಡೆದದ್ದೇ ಮಳೆಗಾಲ ಬೇಸಿಗೆಗಳ ಲೆಕ್ಕದಲ್ಲಿ. ಆದ್ದರಿಂದ ಅದನ್ನು ನೋಡುವವರೂ ಬೇರೆ ಬೇರೆ ಕಾಲಗಳಲ್ಲಿ ಬರಬೇಕು, ಹಾಗೆ ಬರುವವರಿಗೆ ಬೇಕಾದ ಅನುಕೂಲಗಳನ್ನು ಸಂಬಂಧಪಟ್ಟವರು ವರ್ಷವಿಡೀ ಒದಗಿಸಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ಕೆಳದಿಯಲ್ಲಿ ಹುಟ್ಟಿದ ನಾಯಕರ ರಾಜ್ಯ ಅಲ್ಲಿಂದ ಇಕ್ಕೇರಿಗೆ ಬಂದು, ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹೊಕ್ಕು ಸೂರೆಮಾಡಿದ ಮೇಲೆ, ವೀರಭದ್ರ ನಾಯಕನ ಕಾಲದಲ್ಲಿ, 1639ರ ಸುಮಾರಿಗೆ, ಬಿದನೂರಿಗೆ ರಾಜಧಾನಿಯನ್ನು ಬದಲಿಸಿತು. ಇಕ್ಕೇರಿ ಸಾಗರದ ಬಯಲಿಗೆ ತೆರೆದುಕೊಂಡಿದೆ. ಬಿದನೂರು ಸುತ್ತಲೂ ಗುಡ್ಡ ಕಾಡುಗಳಿರುವ, ಘಟ್ಟದ ಅಂಚಿಗೆ ತಾಗಿಕೊಂಡ ಜಾಗ. ಇಲ್ಲಿಂದ ಪಡುವಣಕ್ಕೆ ಇಳಿದರೆ ಬಸರೂರು, ಕುಂದಾಪುರಗಳ ಬಂದರು. ಮೂಡಣಕ್ಕೆ ಹೋದರೆ ಅರೆಮಲೆನಾಡಿನ ಭತ್ತದ ನಾಡು. ಕಾಳುಮೆಣಸು ಮತ್ತು ಅಕ್ಕಿಯ ಹೇರುಗಳು ಎತ್ತುಗಳ ಬೆನ್ನ ಮೇಲೆ ಈ ದಾರಿಯಲ್ಲಿ ಇಳಿಯುತ್ತಿದ್ದವು. ಮಳೆಗಾಲದ ತಿಂಗಳುಗಳಲ್ಲಿ ಕಡಲೂ ಮುಚ್ಚಿರುತ್ತಿತ್ತು, ಘಟ್ಟವೂ ಮುಚ್ಚಿರುತ್ತಿತ್ತು. ವ್ಯಾಪಾರವೆಂಬುದು ಸುಗ್ಗಿಯ ನಂತರದ ಕೆಲವು ತಿಂಗಳ ಮಾತಾಗಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ಈ ಊರು ಎಷ್ಟು ಬೆಳೆಯಿತೆಂಬುದನ್ನು ಇಂದಿನ ಸಣ್ಣ ಪೇಟೆಯನ್ನು ನೋಡಿ ಊಹಿಸುವುದು ಕಷ್ಟ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮಾಜಿಯ ರಾಜಧಾನಿಯೂ ಇದೇ.

ಈ ಊರಿನ ಮೇಲೆ ನಡೆದ ದೊಡ್ಡ ದಾಳಿಗಳ ತಿಂಗಳುಗಳನ್ನು ಗಮನಿಸಿದರೆ ನನ್ನ ಮಾತು ಸ್ಪಷ್ಟವಾದೀತು. ಹೈದರಾಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ವಶಪಡಿಸಿಕೊಂಡು ಹೈದರ್‌ನಗರವೆಂದು ಹೆಸರಿಟ್ಟದ್ದು 1763ರ ಬೇಸಿಗೆಯ ಮೊದಲಲ್ಲಿ. ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಟ್ಟವನ್ನು ಹತ್ತಿ ಬಂದದ್ದು 1783ರ ಜನವರಿಯಲ್ಲಿ. ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದದ್ದು ಅದೇ ವರ್ಷ, ಮುಂಗಾರು ಇಳಿಯುವ ಮುನ್ನ. ಆರಿದ್ರಾ, ಪುನರ್ವಸು ಮಳೆಗಳ ಕಾಲದಲ್ಲಿ ಫಿರಂಗಿಯನ್ನು ಎಳೆದುಕೊಂಡು ಈ ಕಾಡನ್ನು ದಾಟುವ ಧೈರ್ಯವನ್ನು ಯಾವ ಸೇನಾಪತಿ ತಾನೇ ಮಾಡಿಯಾನು? ವರ್ಷದ ನಾಲ್ಕು ತಿಂಗಳು ಈ ಊರನ್ನು ಮಳೆಯೇ ಕಾಯುತ್ತಿತ್ತು, ಉಳಿದ ತಿಂಗಳುಗಳಲ್ಲಿ ಕೋಟೆ ಕಾಯಬೇಕಾಗಿತ್ತು. ಚಳಿಗಾಲದ ರಜೆಯಲ್ಲಿ ಒಮ್ಮೆ ಬಂದು, ಇಷ್ಟು ಸಣ್ಣ ಗುಡ್ಡದ ಮೇಲೆ ರಾಜಧಾನಿಯ ಕೋಟೆಯನ್ನು ಏಕೆ ಕಟ್ಟಿದರೋ ಎಂದು ಕೇಳುವ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆಷಾಢದಲ್ಲಿ ಅದೇ ಜಾಗದಲ್ಲಿ ನಿಂತವರು ಆ ಪ್ರಶ್ನೆಯನ್ನು ಕೇಳುವುದಿಲ್ಲ.

ಮಳೆಗಾಲದಿಂದಲೇ ಆರಂಭಿಸುತ್ತೇನೆ. ನಗರದ ಆಸುಪಾಸಿನ ಹುಲಿಕಲ್, ಮಾಸ್ತಿಕಟ್ಟೆಗಳು ರಾಜ್ಯದಲ್ಲಿಯೇ ಅತ್ಯಂತ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿವೆ. ವರ್ಷಕ್ಕೆ 6,000 ಮಿಲಿಮೀಟರ್ ದಾಟುವುದು ಅಲ್ಲಿ ವಿಶೇಷವೇನಲ್ಲ. ಜುಲೈನಲ್ಲಿ ಕೋಟೆಯ ಬಾಗಿಲನ್ನು ದಾಟಿ ಒಳಗೆ ನಡೆದರೆ ಜಂಬಿಟ್ಟಿಗೆಯ ಗೋಡೆಗಳು ನೀರು ಕುಡಿದು ಕಡುಗೆಂಪಾಗಿರುತ್ತವೆ, ಅವುಗಳ ಸಂದುಗಳಲ್ಲೆಲ್ಲ ಪಾಚಿ ಮತ್ತು ಜರಿಗಿಡ. ಇಷ್ಟು ಶತಮಾನಗಳ ಇಂಥ ಮಳೆಯನ್ನು ಈ ಗೋಡೆ ತಡೆದುಕೊಂಡು ನಿಂತದ್ದು ಹೇಗೆಂದು ತಿಳಿಯಬೇಕಾದರೆ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸುರಿಯುವ ಮಳೆಯಲ್ಲಿಯೇ ನೋಡಬೇಕು: ಒಳಗಿನ ಇಳಿಜಾರು, ಕೊಳಗಳು, ಹೊರಗಿನ ಕಂದಕ ಇವೆಲ್ಲವುಗಳ ಸಂಬಂಧ ಆಗ ಕಣ್ಣಿಗೇ ಕಾಣುತ್ತದೆ. ಅಕ್ಕ-ತಂಗಿಯರ ಕೊಳ ಎಂದು ಜನ ಕರೆಯುವ ಜೋಡಿ ಕೊಳಗಳು ತುಂಬಿ ನಿಂತಿರುವುದೂ ಆಗಲೇ. ಊರ ಹೊರಗೆ ಬಸವನಬ್ಯಾಣದಲ್ಲಿರುವ ದೇವಗಂಗೆಯ ಕೊಳಗಳಂತೂ ಮಲೆನಾಡಿನವರ ನೀರಿನ ಜಾಣ್ಮೆಗೆ ಸಾಕ್ಷಿ. ಗುಡ್ಡದಿಂದ ಹರಿದುಬರುವ ನೀರನ್ನು ಹಿಡಿದು ಬೇರೆ ಬೇರೆ ಆಕಾರದ, ಕಲ್ಲು ಕಟ್ಟಿದ ಕೊಳಗಳಿಗೆ ಹಾಯಿಸಿರುವ ಕ್ರಮವನ್ನು ನೋಡುತ್ತ ನಿಂತವರಿಗೆ, ರಾಜಮನೆತನದವರ ಜಲಕ್ರೀಡೆಯ ಜಾಗ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿವರಣೆ ಎಷ್ಟು ಬಡವಾದದ್ದೆಂಬುದು ತಾನಾಗಿಯೇ ಹೊಳೆಯುತ್ತದೆ.

ಮಳೆಗಾಲದಲ್ಲಿ ಬರುವವರಿಗೆ ಕೆಲವು ಕಷ್ಟಗಳಿರುವುದು ನಿಜ. ಉಂಬಳ, ಅಂದರೆ ಜಿಗಣೆ, ಹತ್ತುತ್ತದೆ, ಕಲ್ಲಿನ ಮೆಟ್ಟಿಲುಗಳು ಜಾರುತ್ತವೆ, ಘಟ್ಟದ ರಸ್ತೆಗಳಲ್ಲಿ ಧರೆ ಕುಸಿದು ಸಂಚಾರ ನಿಲ್ಲುವುದುಂಟು, ವಿದ್ಯುತ್ ಹೋದರೆ ಬರುವ ಹೊತ್ತು ಹೇಳುವಂತಿಲ್ಲ. ಆದರೆ ಈ ಕಷ್ಟಗಳನ್ನು ಮುಂದಿಟ್ಟುಕೊಂಡು ಜನರನ್ನು ಬರಬೇಡಿ ಎನ್ನುವುದಕ್ಕಿಂತ, ಹೇಗೆ ಬರಬೇಕೆಂದು ತಿಳಿಸುವುದು ಮೇಲು. ಬೆಳಿಗ್ಗೆ ಹೊರಟು ಬೆಳಕಿರುವಾಗಲೇ ಮರಳುವುದು, ಹೊಸನಗರದಲ್ಲಿಯೋ ನಗರದಲ್ಲಿಯೋ ಘಟ್ಟದ ಸ್ಥಿತಿಯನ್ನು ವಿಚಾರಿಸಿಕೊಂಡು ಮುಂದೆ ಹೋಗುವುದು, ಕೊಳಗಳ ಅಂಚಿಗೆ ಮಕ್ಕಳನ್ನು ಬಿಡದಿರುವುದು, ಇಷ್ಟು ಎಚ್ಚರ ಸಾಕು. ಕಳಲೆ, ಕೆಸುವಿನ ಪತ್ರೊಡೆ, ಅಣಬೆಯ ಅಡುಗೆ ಊಟಕ್ಕೆ ಸಿಗುವುದೂ ಈ ದಿನಗಳಲ್ಲಿಯೇ. ಮನೆಯಲ್ಲಿ ಅತಿಥಿಗಳನ್ನು ಉಳಿಸಿಕೊಳ್ಳುವ ಹೋಂಸ್ಟೇಯವರು ಉತ್ತರ ಭಾರತದ ಊಟದ ಪಟ್ಟಿಯನ್ನು ಬದಿಗಿಟ್ಟು ಇವನ್ನು ಬಡಿಸಿದರೆ ಬಂದವರಿಗೂ ಸಂತೋಷ, ಊರಿಗೂ ಮರ್ಯಾದೆ.

ಮಳೆ ಬಿಡುವು ಕೊಡುವ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳೇ ನಗರದ ಅತ್ಯಂತ ಚೆಲುವಿನ ಕಾಲವೆಂದು ನನ್ನ ತೀರ್ಮಾನ. ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಮೋಡ ಸರಿದು ಕೊಡಚಾದ್ರಿಯ ಸಾಲು ಪೂರ್ತಿಯಾಗಿ ಕಾಣಿಸುತ್ತದೆ. 1,343 ಮೀಟರ್ ಎತ್ತರದ ಆ ಬೆಟ್ಟ ಮಳೆಗಾಲದಲ್ಲಿ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಸೀಗೆ ಹುಣ್ಣಿಮೆಯಂದು, ಅಂದರೆ ಭೂಮಿ ಹುಣ್ಣಿಮೆಯಂದು, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಹೊತ್ತು ಬಸುರಿ ಭೂಮಿಗೆ ಬಯಕೆಯ ಊಟ ಬಡಿಸಲು ಬೆಳಗಿನ ಜಾವ ಗದ್ದೆಗೆ ಹೋಗುವ ಕುಟುಂಬಗಳು ಮಲೆನಾಡಿನ ಹಳ್ಳಿಗಳಲ್ಲಿ ಇಂದಿಗೂ ಇವೆ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಯಿಂದ ಮನೆಗೆ ಬರುತ್ತಾರೆ. ಇವು ಪ್ರವಾಸಿಗರಿಗಾಗಿ ಏರ್ಪಡಿಸಿದ ಪ್ರದರ್ಶನಗಳಲ್ಲ. ಆಹ್ವಾನವಿದ್ದವರು ಮಾತ್ರ ಹೋಗಿ, ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಮನೆಯವರಂತೆ ಕೂತು ನೋಡಬೇಕಾದ ಆಚರಣೆಗಳು. ಅರಮನೆ ಸುಟ್ಟುಹೋಯಿತು, ಗದ್ದುಗೆ ಉರುಳಿತು, ಆದರೆ ಆ ರಾಜ್ಯವನ್ನು ಸಾಕಿದ ಗದ್ದೆಯ ಬದುಕು ಮುಂದುವರಿದಿದೆ. ಕೋಟೆಯನ್ನು ಮಾತ್ರ ನೋಡಿ ಹೋದವರಿಗೆ ಚರಿತ್ರೆಯ ಈ ಭಾಗ ಸಿಗುವುದೇ ಇಲ್ಲ.

ಡಿಸೆಂಬರ್ ಮತ್ತು ಜನವರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಏಕೆಂದರೆ ಎಲ್ಲರೂ ಬರುವುದು ಆಗಲೇ. ಶಾಲಾ ಪ್ರವಾಸದ ಬಸ್ಸುಗಳು ಕೊಲ್ಲೂರಿಗೆ ಹೋಗುವ ಅವಸರದಲ್ಲಿ ಕೋಟೆಯ ಬಾಗಿಲಲ್ಲಿ ನಿಲ್ಲುತ್ತವೆ, ಮಕ್ಕಳು ಓಡಿ ಹತ್ತಿ ಓಡಿ ಇಳಿಯುತ್ತಾರೆ. ಅದೇ ಹೊತ್ತಿನಲ್ಲಿ ಸುತ್ತಲಿನ ಮನೆಗಳ ಅಂಗಳದಲ್ಲಿ ಅಡಿಕೆಯ ಸುಗ್ಗಿ ನಡೆಯುತ್ತಿರುತ್ತದೆ: ಕೊನೆ ಕೊಯ್ಯುವವರು, ರಾತ್ರಿ ದೀಪದ ಬೆಳಕಿನಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುವ ಹೆಂಗಸರು, ಬೇಯಿಸುವ ಹಂಡೆ, ಒಣಗಿಸುವ ಅಟ್ಟ. ಬೆಳಿಗ್ಗೆ ಬೇಗ ಬಂದವರಿಗೆ ಕೋಟೆಯ ಕೆಳಗೆ ಮಂಜು ತುಂಬಿರುವುದೂ ಕಾಣುತ್ತದೆ.

ಯಾರೂ ಬಾರದ ಫೆಬ್ರವರಿ, ಮಾರ್ಚ್ ತಿಂಗಳುಗಳ ಬಗ್ಗೆ ನಾನು ವಿಶೇಷವಾಗಿ ಬರೆಯಬೇಕಾಗಿದೆ. ಬೇಸಿಗೆಯ ಬಿಸಿಲಿಗೆ ಹುಲ್ಲು ಒಣಗಿ, ಪೊದೆಗಳ ಎಲೆ ಉದುರಿದಾಗ ಬಿದನೂರು ತನ್ನ ನಿಜವಾದ ವಿಸ್ತಾರವನ್ನು ತೋರಿಸುತ್ತದೆ. ಮಳೆಗಾಲದಲ್ಲಿ ಹಸಿರಿನಡಿ ಅಡಗಿದ್ದ ಗೋಡೆಯ ತಳಪಾಯ, ಕಂದಕದ ಅಂಚು, ದರ್ಬಾರಿನ ಜಾಗವೆಂದು ಹೇಳುವ ನೆಲಗಟ್ಟು, ಕಾವಲು ಕೊಠಡಿಗಳ ಸಾಲು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಕೋಟೆಯ ಮೇಲಿಂದ ನೋಡಿದರೆ ಹಳೆಯ ಪಟ್ಟಣ ಯಾವ ದಿಕ್ಕಿಗೆ ಹಬ್ಬಿತ್ತು, ನೀಲಕಂಠೇಶ್ವರ ದೇವಾಲಯ ಎಲ್ಲಿದೆ, ಕೆಳದಿ ಅರಸರ ಸಮಾಧಿಗಳಿರುವ ಕೊಪ್ಪಲು ಮಠ ಎತ್ತ ಎಂದು ಕೈ ತೋರಿಸಿ ಹೇಳಬಹುದು. ಇತಿಹಾಸದ ವಿದ್ಯಾರ್ಥಿಗಳನ್ನು ಕರೆತರುವ ಅಧ್ಯಾಪಕರು ಈ ತಿಂಗಳುಗಳನ್ನೇ ಆರಿಸಿಕೊಳ್ಳಬೇಕೆಂದು ನನ್ನ ಸಲಹೆ. ದೇವಗಂಗೆಯನ್ನು ಮಳೆಗಾಲದಲ್ಲಿ ನೋಡಿದವರು ಮತ್ತೊಮ್ಮೆ ಬೇಸಿಗೆಯಲ್ಲಿ ನೋಡಬೇಕು. ಸುತ್ತಲಿನ ಹಳ್ಳಗಳು ಬತ್ತುವ ಕಾಲದಲ್ಲಿಯೂ ಅಲ್ಲಿ ನೀರಿರುತ್ತದೆ, ಆ ಕಟ್ಟಡದ ಬೆಲೆ ನಿಜವಾಗಿ ಗೊತ್ತಾಗುವುದು ಆಗಲೇ.

ಶಿವಪ್ಪ ನಾಯಕನ ಹೆಸರು ಇಂದಿಗೂ ಉಳಿದಿರುವುದು ಯುದ್ಧಗಳಿಗಿಂತ ಹೆಚ್ಚಾಗಿ ಅವನ ‘ಶಿಸ್ತು’ ಎಂಬ ಭೂಕಂದಾಯ ವ್ಯವಸ್ಥೆಯಿಂದ. ಅವನು ಪ್ರತಿ ಗ್ರಾಮದಲ್ಲಿಯೂ ಪ್ರತಿ ಬಗೆಯ ಒಂದೊಂದು ಗದ್ದೆಯನ್ನು ಸತತ 12 ವರ್ಷ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಇಷ್ಟನ್ನೂ ಬರೆಸಿಟ್ಟು, ಸರಾಸರಿ ತೆಗೆದು, ಅದರ ಆಧಾರದ ಮೇಲೆ ಮೂರರಲ್ಲಿ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದನೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಒಂದು ವರ್ಷದ ಬೆಳೆಯನ್ನು ನೋಡಿ ನೆಲವನ್ನು ಅಳೆಯಬಾರದೆಂದು ತಿಳಿದಿದ್ದ ಅರಸನ ರಾಜಧಾನಿ ಇದು. ಅಂಥವನ ಊರನ್ನು ನಾವು ಅರ್ಧ ಗಂಟೆಯಲ್ಲಿ ಅಳೆದು ಹೋಗುವುದು ಅವನಿಗೂ ಅವನ ರೈತರಿಗೂ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಶಿವಮೊಗ್ಗದಲ್ಲಿ ಅವನ ಹೆಸರಿನ ಅರಮನೆಯ ವಸ್ತು ಸಂಗ್ರಹಾಲಯಕ್ಕೆ ಹೋಗುವ ಮಕ್ಕಳಿಗೆ ಈ ಸಂಗತಿಯನ್ನು ಹೇಳಿ, ಬಳಿಕ ನಗರಕ್ಕೆ ಕರೆದುಕೊಂಡು ಹೋಗಿ, ಕೋಟೆಯ ಮೇಲೆ ನಿಲ್ಲಿಸಿ ಗದ್ದೆ ತೋಟಗಳನ್ನು ತೋರಿಸಿದರೆ ಪಠ್ಯಪುಸ್ತಕದ ಒಂದು ಸಾಲು ಅವರ ಕಣ್ಣಮುಂದೆ ನಿಲ್ಲುತ್ತದೆ.

ಬೇಸಿಗೆಯ ಭೇಟಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಮುಚ್ಚಿಡಬಾರದು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡಿನ ಉಣುಗುಗಳ ಮೂಲಕ. ಕೋಟೆಯ ಆಚೆಗೆ ಕಾಡಿನ ಕಾಲುದಾರಿಗಳಲ್ಲಿ ಅಲೆಯಬೇಕೆನ್ನುವವರು ಆ ವರ್ಷ ಸುತ್ತಮುತ್ತ ಕಾಯಿಲೆ ಇದೆಯೇ ಎಂದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು. ಮೈತುಂಬ ಬಟ್ಟೆ ತೊಡಬೇಕು. ದರಗಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಕೂರಬಾರದು, ಮಲಗಬಾರದು. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ತೊಳೆಯಬೇಕು. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇಲ್ಲಿನ ಜನ ಈ ಎಚ್ಚರದೊಂದಿಗೇ ಬದುಕುತ್ತಿದ್ದಾರೆ, ಹೊರಗಿನಿಂದ ಬರುವವರಿಗೂ ಅದನ್ನು ತಿಳಿಸುವ ಒಂದು ಫಲಕ ಕೋಟೆಯ ಬಳಿ ಇರಬೇಕು. ಮೇ ಕೊನೆಗೆ ಮೊದಲ ಮಳೆ ಬಿದ್ದು, ಮರಗಳ ಕೊಂಬೆಗಳಲ್ಲಿ ಸೀತಾಳೆ ದಂಡೆ ಹೂ ಬಿಟ್ಟು, ಮನೆಗಳಲ್ಲಿ ಅಪ್ಪೆಮಿಡಿಯ ಜಾಡಿಗಳು ಅಟ್ಟ ಸೇರುವಲ್ಲಿಗೆ ಈ ಊರಿನ ಒಂದು ವರ್ಷ ತುಂಬುತ್ತದೆ.

ಈಗ ಆಗಬೇಕಾದ ಕೆಲಸಗಳ ಮಾತು. ನಗರದ ಸ್ಮಾರಕಗಳು ಒಂದೇ ಜಾಗದಲ್ಲಿಲ್ಲ. ಕೋಟೆ, ದೇವಗಂಗೆ, ಕೊಪ್ಪಲು ಮಠ, ದೇವಾಲಯಗಳು ಚದುರಿಹೋಗಿವೆ. ಇವೆಲ್ಲವನ್ನೂ ಒಂದು ನಕ್ಷೆಯಲ್ಲಿ ತೋರಿಸಿ, ಯಾವ ಜಾಗವನ್ನು ಯಾವ ಕಾಲದಲ್ಲಿ ನೋಡಿದರೆ ಏನು ಕಾಣುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ದೊಡ್ಡ ಫಲಕ ಕೋಟೆಯ ಕೆಳಗೆ, ಬಸ್ಸು ನಿಲ್ಲುವಲ್ಲಿ ಬೇಕು. ಮಳೆಯಲ್ಲಿ ಬಂದವರು ನಿಲ್ಲಲು ಒಂದು ಸೂರು, ವರ್ಷವಿಡೀ ನೀರಿರುವ ಶುಚಿಯಾದ ಶೌಚಾಲಯ, ವಿಶೇಷವಾಗಿ ಹೆಣ್ಣುಮಕ್ಕಳನ್ನು ಕರೆತರುವ ಶಾಲೆಗಳಿಗಾಗಿ, ಬೇಕು. ಊರಿನಲ್ಲಿಯೇ ಓದಿದ ಯುವಕ ಯುವತಿಯರಿಗೆ ಕೆಳದಿ ಇತಿಹಾಸದ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡಿದರೆ ಡಿಸೆಂಬರಿನ ಎರಡು ವಾರಗಳ ಸಂಪಾದನೆಯ ಬದಲು ವರ್ಷದುದ್ದಕ್ಕೂ ಅವರಿಗೆ ಒಂದಿಷ್ಟು ಆದಾಯವಾದೀತು. ಹೋಟೆಲು, ಆಟೋ, ಅಂಗಡಿಗಳವರಿಗೂ ಅಷ್ಟೇ. ನೆರೆಯ ಕೆಳದಿಯಲ್ಲಿ ಒಳ್ಳೆಯ ವಸ್ತು ಸಂಗ್ರಹಾಲಯವಿದೆ, ಇಕ್ಕೇರಿಯಲ್ಲಿ ಅಘೋರೇಶ್ವರನ ಭವ್ಯ ದೇವಾಲಯವಿದೆ. ಮೂರು ರಾಜಧಾನಿಗಳನ್ನು ಕ್ರಮವಾಗಿ ನೋಡಿಕೊಂಡು ನಗರಕ್ಕೆ ಬಂದು ಒಂದು ರಾತ್ರಿ ಉಳಿಯುವಂಥ ಪ್ರವಾಸವನ್ನು ಯೋಜಿಸುವುದು ಕಷ್ಟವೇನಲ್ಲ.

ಇಷ್ಟು ಹೇಳಿದ ಮೇಲೂ ಒಂದು ಆತಂಕ ನನ್ನಲ್ಲಿದೆ. ಹೆಚ್ಚು ಜನ ಬನ್ನಿ ಎಂದು ಕರೆದು ಈ ಊರನ್ನು ವಾರಾಂತ್ಯದ ಗದ್ದಲದ ಜಾಗವಾಗಿ ಮಾಡುವುದು ನನ್ನ ಉದ್ದೇಶವಲ್ಲ. ಈಗ ಕೆಲವೇ ದಿನಗಳಲ್ಲಿ ನುಗ್ಗುವ ಜನ ಹನ್ನೆರಡು ತಿಂಗಳಿಗೆ ಹಂಚಿಹೋದರೆ ಕೋಟೆಗೂ ಊರಿಗೂ ಭಾರ ಕಡಿಮೆಯಾಗುತ್ತದೆ. ಗೋಡೆಯ ಮೇಲೆ ಹತ್ತುವುದು, ಕಲ್ಲಿನಲ್ಲಿ ಹೆಸರು ಕೆತ್ತುವುದು, ಕೊಳಕ್ಕೆ ಬಾಟಲಿ ಎಸೆಯುವುದು ಇವೆಲ್ಲ ಗುಂಪು ಹೆಚ್ಚಾದ ದಿನಗಳ ಹಾವಳಿ. ಮಾರ್ಚ್ ತಿಂಗಳ ಒಂದು ವಾರದ ನಡುವಿನ ದಿನ ನಿಧಾನವಾಗಿ ಬಂದು ಹೋಗುವವರು ಇಂಥದ್ದನ್ನು ಮಾಡುವುದಿಲ್ಲ.

ಎಲ್ಲಕ್ಕಿಂತ ತುರ್ತಾದದ್ದು ಗೋಡೆಗಳ ಕೆಲಸ. ಜಂಬಿಟ್ಟಿಗೆಯ ಸಂದಿನಲ್ಲಿ ಮೊಳೆತ ಆಲ, ಅರಳಿ, ಬಸರಿಯ ಸಸಿಗಳು ಒಂದೆರಡು ಮಳೆಗಾಲಗಳಲ್ಲಿ ಬೇರಿಳಿಸಿ ಕಲ್ಲುಗಳನ್ನು ಬೇರ್ಪಡಿಸುತ್ತವೆ; ಬೇರು ದಪ್ಪವಾದ ಮೇಲೆ ಅವನ್ನು ಕಿತ್ತರೆ ಗೋಡೆಯೇ ಕೆಳಗೆ ಬರುತ್ತದೆ. ಹೀಗಾಗಿ ಮಳೆ ನಿಂತ ಕೂಡಲೇ, ನವೆಂಬರಿನೊಳಗೆ, ಸಸಿಗಳು ಎಳೆಯವಾಗಿರುವಾಗಲೇ ಪ್ರತಿವರ್ಷವೂ ತಪ್ಪದೆ ಅವನ್ನು ತೆಗೆಯಬೇಕು. ಯಾರಾದರೂ ಗಣ್ಯರು ಬರುವ ಮುನ್ನ ಕತ್ತಿ ಹಿಡಿದು ಹುಲ್ಲು ಸವರಿದರೆ ಆ ಕೆಲಸವಾಗುವುದಿಲ್ಲ. ಕಂದಕಕ್ಕೂ ಕೊಳಗಳಿಗೂ ನೀರು ಹೋಗುವ ಹಳೆಯ ದಾರಿಗಳನ್ನು ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನ, ಹೂಳು ತೆಗೆದು ಬಿಡಿಸಿಡಬೇಕು. ದಾರಿ ಕಟ್ಟಿಕೊಂಡ ನೀರು ಗೋಡೆಯ ಬುಡದಲ್ಲಿ ನಿಲ್ಲುವುದರಿಂದಲೇ ಹೆಚ್ಚಿನ ಕುಸಿತಗಳಾಗುತ್ತವೆ. ಎರಡು ಕೆಲಸಗಳಿಗೂ ತಜ್ಞರ ಮೇಲ್ವಿಚಾರಣೆಯೊಂದಿಗೆ ಊರಿನ ಕೂಲಿಯವರನ್ನೇ ಹಚ್ಚಬಹುದು, ಏಕೆಂದರೆ ಜಂಬಿಟ್ಟಿಗೆಯ ಸ್ವಭಾವವನ್ನೂ ಈ ಮಳೆಯ ಸ್ವಭಾವವನ್ನೂ ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಈ ವರ್ಷದ ನವೆಂಬರಿನಲ್ಲಿಯೇ ಇದು ಆರಂಭವಾಗಲೆಂದು ಜಿಲ್ಲಾಡಳಿತವನ್ನೂ ಪುರಾತತ್ವ ಇಲಾಖೆಯನ್ನೂ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಶಿವಮೊಗ್ಗ